ಪೈಪ್ ದೊಡ್ಡದು ಮಾಡೋ ಮೊದಲು ಹಳ್ಳದ ಲೆವೆಲ್ ನೋಡಿ

ಪ್ರಶ್ನೆ: ನಮ್ಮ ಬಡಾವಣೆ ಸುಮಾರು 6 ಹೆಕ್ಟೇರ್. ಶುರುವಿನಲ್ಲಿ ಅರ್ಧಕ್ಕಿಂತ ಜಾಸ್ತಿ ಸೈಟು ಖಾಲಿ ಇದ್ದವು, ಈಗ ಎಲ್ಲಾ ಕಡೆ ಮನೆ. ಜೋರು ಮಳೆ ಬಂದರೆ ಕೆಳಗಿನ ಕೊನೆ ರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತೆ, ಎರಡು ಮೂರು ಮನೆ ಒಳಗೂ ನುಗ್ಗುತ್ತೆ. ಮಳೆನೀರಿನ ಮುಖ್ಯ ಪೈಪ್ 600 ಮಿ.ಮೀ. ಇದೆ, ಪಕ್ಕದ ಹಳ್ಳಕ್ಕೆ ಸೇರುತ್ತೆ. ಪೂರ್ತಿ ಕಿತ್ತು 900 ಮಿ.ಮೀ. ಹಾಕಿ ಅಂತಾರೆ ಕಾಂಟ್ರಾಕ್ಟರ್. ಸಂಘದ ಹತ್ತಿರ ಅರ್ಧ ಕೆಲಸಕ್ಕೆ ಆಗುವಷ್ಟು ದುಡ್ಡಿದೆ. ಮೇಲಿನ ಅರ್ಧ ಈಗ ಮಾಡಿ ಉಳಿದದ್ದು ಆಮೇಲೆ ಮಾಡಬಹುದಾ? ಪೈಪ್ ಬದಲು ತೆರೆದ ಚರಂಡಿ ಮಾಡಿದರೆ ಹೇಗೆ?

ಉತ್ತರ: ಮೇಲಿನ ಅರ್ಧ ಮೊದಲು ಮಾಡಬೇಡಿ. ಉಳಿದ ಎಲ್ಲದಕ್ಕೂ ಮುಂಚೆ ಇದನ್ನು ಹೇಳಿಬಿಡುತ್ತೇನೆ, ಯಾಕಂದ್ರೆ ಇದರಲ್ಲಿ ತಪ್ಪಿದರೆ ಈಗಾಗಲೇ ಮುಳುಗುತ್ತಿರುವ ಮನೆಗಳಿಗೆ ಇನ್ನೂ ಕಷ್ಟ. ಮೇಲೆ ದೊಡ್ಡ ಪೈಪ್ ಹಾಕಿದರೆ ಮೇಲಿನ ರಸ್ತೆಗಳ ನೀರು ಈಗಿಗಿಂತ ಬೇಗ, ಒಟ್ಟಿಗೆ, ಕೆಳಗೆ ಬಂದು ಸೇರುತ್ತೆ. ಕೆಳಗಿನ 600 ಪೈಪ್ ಅದೇ ಇರುತ್ತೆ. ಈಗ ಮೇಲಿನ ರಸ್ತೆಗಳಲ್ಲಿ ಸ್ವಲ್ಪ ಸ್ವಲ್ಪ ನಿಂತು ನಿಧಾನವಾಗಿ ಬರುತ್ತಿದ್ದ ನೀರೆಲ್ಲ ಆಗ ಕೊನೆ ರಸ್ತೆಯ ಪಾಲಿಗೆ ಬರುತ್ತೆ. ಮಳೆನೀರಿನ ಕೆಲಸ ಯಾವತ್ತೂ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಅಗೆಯೋದಷ್ಟೇ ಅಲ್ಲ, ಲೆಕ್ಕ ಹಾಕೋದೂ ಹಾಗೇ.

ಹಾಗಾಗಿ ಹಳ್ಳದಿಂದಲೇ ಶುರು ಮಾಡೋಣ.

ನಿಮ್ಮ ಪೈಪ್ ಹಳ್ಳಕ್ಕೆ ಬೀಳುವ ಜಾಗಕ್ಕೆ ಹೋಗಿ ನೋಡಿದ್ದೀರಾ? ಬೇಸಿಗೆಯಲ್ಲಿ ನೋಡಿದರೆ ಪೈಪಿನ ಬಾಯಿ ಹಳ್ಳದ ತಳದಿಂದ ಎತ್ತರದಲ್ಲಿ ಕಾಣುತ್ತೆ, ನೀರು ಆರಾಮಾಗಿ ಬೀಳುತ್ತೆ ಅನ್ನಿಸುತ್ತೆ. ನಿಮಗೆ ಬೇಕಾಗಿರೋದು ಜೋರು ಮಳೆಯ ದಿನ ಹಳ್ಳದಲ್ಲಿ ನೀರು ಎಷ್ಟು ಎತ್ತರಕ್ಕೆ ಬರುತ್ತೆ ಅನ್ನೋದು. ದಡದ ಗಿಡಗಳಿಗೆ ಸಿಕ್ಕಿಕೊಂಡ ಕಸ, ಮೋರಿಯ ಗೋಡೆ ಮೇಲಿನ ಕೆಸರಿನ ಗೆರೆ, ಇವು ಹೋದ ಮಳೆಗಾಲದ ನೆರೆ ಮಟ್ಟವನ್ನು ಚೆನ್ನಾಗಿ ತೋರಿಸುತ್ತವೆ. ಆ ಗೆರೆಯ ಲೆವೆಲ್ ತೆಗೆಸಿ. ನಿಮ್ಮ ಕೊನೆ ರಸ್ತೆಯ ಅತಿ ತಗ್ಗಿನ ಜಾಲರಿಯ (ರಸ್ತೆ ನೀರು ಪೈಪಿಗೆ ಇಳಿಯುವ ಕಡೆಯ ಕಂಬಿ ಮುಚ್ಚಳ) ಲೆವೆಲ್ ಕೂಡ ತೆಗೆಸಿ. ಆಟೋ ಲೆವೆಲ್ (ಎತ್ತರದ ವ್ಯತ್ಯಾಸ ಅಳೆಯುವ ಉಪಕರಣ) ಇಟ್ಟುಕೊಂಡ ಸರ್ವೆಯರ್ ಒಬ್ಬರಿದ್ದರೆ ಇದು ಬೇಗ ಮುಗಿಯೋ ಕೆಲಸ. ಈ ಎರಡು ಸಂಖ್ಯೆ ಕೈಯಲ್ಲಿಲ್ಲದೆ ಪೈಪಿನ ಸೈಜು ಹೇಳುವವರ ಮಾತನ್ನು ನಾನಂತೂ ಒಪ್ಪಲ್ಲ.

ಯಾಕೆ ಅಂತ ಒಂದು ಲೆಕ್ಕದಲ್ಲಿ ತೋರಿಸುತ್ತೇನೆ. ತುಂಬಿ ಹರಿಯುವ ಪೈಪಿನಲ್ಲಿ ನೀರನ್ನು ತಳ್ಳೋದು ಪೈಪಿನ ಇಳಿಜಾರಲ್ಲ, ಎರಡು ತುದಿಯ ನೀರಿನ ಮಟ್ಟದ ವ್ಯತ್ಯಾಸ. 600 ಮಿ.ಮೀ. ಕಾಂಕ್ರೀಟ್ ಪೈಪನ್ನು 200 ಮೀಟರಿಗೆ 1 ಮೀಟರ್ ಇಳಿಜಾರಿನಲ್ಲಿ ಹಾಕಿದರೆ ಸೆಕೆಂಡಿಗೆ ಸುಮಾರು 430 ಲೀಟರ್ ಹರಿಯುತ್ತೆ. ಅದೇ 900 ಮಿ.ಮೀ. ಆದರೆ ಸುಮಾರು 1280 ಲೀಟರ್. ಮೂರು ಪಟ್ಟು! ಕಾಂಟ್ರಾಕ್ಟರ್ ಹೇಳೋದು ಇದನ್ನೇ, ಅದು ಸುಳ್ಳೇನಲ್ಲ. ಆದರೆ ಹಳ್ಳ ತುಂಬಿದ ದಿನ ಅದರ ನೀರು ನಿಮ್ಮ ತಗ್ಗಿನ ಜಾಲರಿಗಿಂತ ಬರೀ 30 ಸೆಂ.ಮೀ. ಕೆಳಗಿದೆ, ಮಧ್ಯೆ 180 ಮೀಟರ್ ಪೈಪ್ ಇದೆ ಅಂತ ಇಟ್ಟುಕೊಳ್ಳಿ. ಆಗ ನಿಮಗೆ ಸಿಗುವ ನಿಜವಾದ ಇಳಿಜಾರು 600ಕ್ಕೆ 1. ಪೈಪನ್ನು ಎಷ್ಟೇ ಕಡಿದಾಗಿ ಹಾಕಿದ್ದರೂ ಅಷ್ಟೇ. ಆಗ 600 ಪೈಪ್ ಕೊಡೋದು ಸುಮಾರು 250 ಲೀಟರ್, 900 ಪೈಪ್ ಕೊಡೋದು ಸುಮಾರು 740. ಹಳ್ಳದ ನೀರು ಜಾಲರಿಯ ಮಟ್ಟಕ್ಕೇ ಬಂದುಬಿಟ್ಟರೆ ಯಾವ ಸೈಜಿನ ಪೈಪೂ ಏನೂ ಸಾಗಿಸಲ್ಲ. ಅದಕ್ಕಿಂತ ಮೇಲೆ ಬಂದರೆ ಹಳ್ಳದ ನೀರೇ ಪೈಪಿನಲ್ಲಿ ಹಿಂದಕ್ಕೆ ಬಂದು ನಿಮ್ಮ ರಸ್ತೆಯಲ್ಲಿ ಏಳುತ್ತೆ, ಮತ್ತು ದೊಡ್ಡ ಪೈಪಿನಲ್ಲಿ ಇನ್ನೂ ಜಾಸ್ತಿ ಬರುತ್ತೆ.

ಹಿಂದಕ್ಕೆ ಬರೋದನ್ನು ತಡೆಯಲು ಪೈಪಿನ ಬಾಯಿಗೆ ಒಂದೇ ಕಡೆ ತೆರೆಯುವ ಬಾಗಿಲು ಹಾಕುತ್ತಾರೆ. ಒಳ್ಳೆಯದೇ. ಆದರೆ ಬಾಗಿಲು ಮುಚ್ಚಿದ ಹೊತ್ತಿನಲ್ಲಿ ಬಡಾವಣೆ ಒಳಗೆ ಬೀಳುವ ಮಳೆಗೂ ಹೋಗಲು ದಾರಿ ಇರಲ್ಲ. ಆ ನೀರು ನಿಲ್ಲಲು ಒಳಗೇ ಎಲ್ಲಾದರೂ ಜಾಗ ಬೇಕು. ಆ ಜಾಗದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈಗ ಇನ್ನೊಂದು ತುದಿ. ನೀರು ಪೈಪಿಗೆ ಇಳಿಯುತ್ತಾ ಇದೆಯಾ? ಮುಂದಿನ ಜೋರು ಮಳೆಯಲ್ಲಿ ಯಾರಾದರೂ ಜಗಲಿ ಮೇಲೆ ನಿಂತು ವೀಡಿಯೋ ಮಾಡಲಿ. ಚೇಂಬರಿನ ಮುಚ್ಚಳ ಮಾತ್ರ ದಯವಿಟ್ಟು ಎತ್ತಬೇಡಿ, ಮುಳುಗಿದ ರಸ್ತೆಯಲ್ಲಿ ತೆರೆದ ಚೇಂಬರ್ ಪ್ರಾಣ ತೆಗೆಯುತ್ತೆ. ಗಮನಿಸಬೇಕಾದ್ದು ಇಷ್ಟು: ಚೇಂಬರಿನ ಮುಚ್ಚಳದ ಸಂದಿಯಿಂದ ನೀರು ಮೇಲಕ್ಕೆ ಉಕ್ಕುತ್ತಿದ್ದರೆ ಪೈಪ್ ತುಂಬಿದೆ, ತೊಂದರೆ ಕೆಳಗಡೆ ಇದೆ. ರಸ್ತೆಯಲ್ಲಿ ನೀರು ನಿಂತಿದೆ, ಜಾಲರಿ ಮೇಲೆ ಎಲೆ ಪ್ಲಾಸ್ಟಿಕ್ ಅಂಟಿಕೊಂಡಿದೆ, ಅದೇ ಹೊತ್ತಿಗೆ ಹಳ್ಳದ ಕಡೆ ಪೈಪಿನ ಬಾಯಲ್ಲಿ ಅರ್ಧ ಪೈಪ್ ಕೂಡ ಹರಿಯುತ್ತಿಲ್ಲ ಅಂದರೆ ಪೈಪಿನ ತಪ್ಪೇನೂ ಇಲ್ಲ. ನೀರು ಒಳಗೆ ಹೋಗ್ತಾನೇ ಇಲ್ಲ ಅಷ್ಟೇ. ಇಂಥ ಕಡೆ 900 ಅಲ್ಲ, 1200 ಹಾಕಿದರೂ ರಸ್ತೆಯಲ್ಲಿ ನೀರು ಹಾಗೇ ನಿಲ್ಲುತ್ತೆ. ಮಳೆ ನಿಂತ ಎಷ್ಟು ಹೊತ್ತಿಗೆ ನೀರು ಇಳಿಯಿತು ಅನ್ನೋದನ್ನೂ ಬರೆದಿಟ್ಟುಕೊಳ್ಳಿ. ಮಳೆ ನಿಂತ ಸ್ವಲ್ಪ ಹೊತ್ತಿಗೇ ಇಳಿದರೆ ಹಳ್ಳ ಅಡ್ಡಿಯಲ್ಲ, ಜಾಲರಿಯೋ ಪೈಪೋ ಸಾಲುತ್ತಿಲ್ಲ ಅಂತ ಅರ್ಥ. ಹಳ್ಳ ಇಳಿಯುವವರೆಗೂ ನಿಂತೇ ಇದ್ದರೆ ಹಳ್ಳದ ನೀರೇ ತಡೆಯುತ್ತಿದೆ ಅಂತ ಅರ್ಥ.

ಜಾಲರಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಎಲ್ಲರೂ ಪೈಪಿಗೆ ದುಡ್ಡು ಹಾಕಿ ಇಲ್ಲಿ ಕೈಬಿಡುತ್ತಾರೆ. ರಸ್ತೆಗೆ ಮತ್ತೆ ಮತ್ತೆ ಡಾಂಬರು ಹಾಕುವಾಗ ಹಳೆ ಪದರ ಕೆರೆದು ತೆಗೆಯದೆ ಅದರ ಮೇಲೇ ಹಾಕುತ್ತಾರೆ ಅಲ್ವಾ, ಆಗ ರಸ್ತೆ ಎತ್ತರ ಆಗುತ್ತೆ, ಜಾಲರಿ ಗುಂಡಿಯೊಳಗೆ ಉಳಿಯುತ್ತೆ. ಅದನ್ನು ಸರಿ ಮಾಡೋಕೆ ಅಂತ ಜಾಲರಿ ಎತ್ತುತ್ತಾರೆ, ಎತ್ತುವಾಗ ರಸ್ತೆಗಿಂತ ಎರಡು ಮೂರು ಸೆಂ.ಮೀ. ಮೇಲೆ ಕೂರಿಸಿಬಿಡುತ್ತಾರೆ. ಅಷ್ಟು ಸಾಕು, ಅಂಚಿನಲ್ಲಿ ಹರಿದು ಬಂದ ನೀರು ಜಾಲರಿಯ ಪಕ್ಕದಿಂದ ಸುತ್ತಿಕೊಂಡು ಮುಂದೆ ಹೋಗುತ್ತೆ. ಜಾಲರಿ ಯಾವಾಗಲೂ ಅಂಚಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಇರಬೇಕು, ಸುತ್ತಲೂ ಕಾಂಕ್ರೀಟಿನ ಸಣ್ಣ ಬಟ್ಟಲಿನ ಹಾಗೆ ಇಳಿಜಾರು ಕೊಡಬೇಕು. ಕಂಬಿಗಳು ನೀರು ಹರಿಯುವ ದಿಕ್ಕಿಗೇ ಇದ್ದರೆ ನೀರು ಚೆನ್ನಾಗಿ ಇಳಿಯುತ್ತೆ, ಆದರೆ ಸೈಕಲ್ ಚಕ್ರ ಸಿಕ್ಕಿಕೊಳ್ಳುತ್ತೆ. ಅದಕ್ಕೆ ಅಡ್ಡಕಂಬಿ ಬೆಸೆದಿರುವ, ಸಂದಿ ಸಣ್ಣದಿರುವ ಜಾಲರಿ ತೆಗೆದುಕೊಳ್ಳಿ. ಜೊತೆಗೆ ಫುಟ್‌ಪಾತಿನ ಅಂಚುಕಲ್ಲಿನಲ್ಲಿ ಅಡ್ಡಕ್ಕೆ ಒಂದು ಬಾಯಿ ಬಿಡಿಸಿ, ಎಲೆ ಬಂದು ಜಾಲರಿ ಮುಚ್ಚಿಕೊಂಡರೂ ಆ ಬಾಯಿಯಿಂದ ನೀರು ಇಳಿಯುತ್ತಿರುತ್ತೆ. ತಗ್ಗಿನ ಜಾಗದಲ್ಲಿ ಲೆಕ್ಕ ಹಾಕುವಾಗ ಜಾಲರಿಯ ಅರ್ಧ ಭಾಗ ಕಟ್ಟಿಕೊಂಡಿದೆ ಅಂತಲೇ ಹಿಡಿಯಬೇಕು. ಅಲ್ಲಿ ಒಂದೇ ಜಾಲರಿ ಸಾಲದು. ಮಧ್ಯೆ ಒಂದು, ಎರಡೂ ಪಕ್ಕ ಸ್ವಲ್ಪ ಎತ್ತರದಲ್ಲಿ ಒಂದೊಂದು ಇರಲಿ. ಎಲ್ಲಕ್ಕಿಂತ ಮುಖ್ಯ, ತಗ್ಗಿಗೆ ಬರುವ ಮೊದಲೇ ಮೇಲಿನ ಅಡ್ಡರಸ್ತೆಗಳಲ್ಲಿ ನೀರನ್ನು ಹಿಡಿಯಬೇಕು. ಇಡೀ ಬಡಾವಣೆಯ ನೀರು ರಸ್ತೆ ಮೇಲೇ ಹರಿದು ಕೊನೆಯ ಎರಡು ಜಾಲರಿ ಹುಡುಕಿಕೊಂಡು ಬರೋ ಹಾಗೆ ಇರಬಾರದು.

ಇನ್ನು ಎಷ್ಟು ನೀರು ಅನ್ನೋ ಲೆಕ್ಕ. ಸಣ್ಣ ಬಡಾವಣೆಗಳಿಗೆ ಇವತ್ತಿಗೂ ಬಳಸೋದು 1889ರಲ್ಲಿ ಎಮಿಲ್ ಕುಯಿಕ್ಲಿಂಗ್ ಅಮೆರಿಕದ ರೋಚೆಸ್ಟರ್ ನಗರದ ಚರಂಡಿಗಳಿಗೆ ಬಳಸಿದ ಸರಳ ಸೂತ್ರ: ಹರಿಯುವ ಪಾಲು, ಮಳೆಯ ಬಿರುಸು, ಜಾಗದ ವಿಸ್ತೀರ್ಣ, ಮೂರನ್ನೂ ಗುಣಿಸೋದು. ಪೈಪಿನ ಸೈಜಿಗೆ ಬಳಸುವ ಸೂತ್ರವನ್ನು ಐರ್ಲೆಂಡಿನ ರಾಬರ್ಟ್ ಮ್ಯಾನಿಂಗ್ ಮಂಡಿಸಿದ್ದೂ ಅದೇ ವರ್ಷ. ಮೊದಲಿನ ಸೂತ್ರದಲ್ಲಿ ಬಿರುಸನ್ನು ಗಂಟೆಗೆ ಮಿ.ಮೀ.ನಲ್ಲಿ, ಜಾಗವನ್ನು ಹೆಕ್ಟೇರಿನಲ್ಲಿ ಹಾಕಿ 360ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಕ್ಯೂಬಿಕ್ ಮೀಟರ್ ಅಂತ ಸಿಗುತ್ತೆ. ನಿಮ್ಮ 6 ಹೆಕ್ಟೇರಿಗೆ ಹಾಕಿ ನೋಡೋಣ. ಖಾಲಿ ಸೈಟು, ಹುಲ್ಲು, ಮಣ್ಣು ಇದ್ದಾಗ ಬಿದ್ದ ಮಳೆಯಲ್ಲಿ ಶೇ. 30 ಹರಿಯುತ್ತಿತ್ತು, ಬಿರುಸು ಗಂಟೆಗೆ 80 ಮಿ.ಮೀ. ಅಂತ ಹಿಡಿದರೆ ಸೆಕೆಂಡಿಗೆ 400 ಲೀಟರ್. 600 ಪೈಪಿಗೆ ಸರಿಯಾಗಿ ಹೊಂದುತ್ತೆ, ಅಂದರೆ ಆಗ ಡಿಸೈನ್ ಮಾಡಿದವರು ತಪ್ಪು ಮಾಡಿರಲಿಕ್ಕಿಲ್ಲ. ಈಗ ತಾರಸಿ, ಕಾಂಕ್ರೀಟ್, ಟೈಲ್ಸ್ ಹಾಕಿದ ಅಂಗಳ. ಶೇ. 65 ಹರಿಯುತ್ತೆ ಅನ್ನಿ. ಅದೇ ಮಳೆಗೆ 870 ಲೀಟರ್ ಹತ್ತಿರ.

ಅಲ್ಲಿಗೆ ಮುಗಿಯಲ್ಲ. ಮಣ್ಣಿನ ಮೇಲೆ 20 ನಿಮಿಷ ತೆಗೆದುಕೊಂಡು ಕೆಳಗೆ ಬರುತ್ತಿದ್ದ ನೀರು ಈಗ ಕಾಂಕ್ರೀಟ್ ಮೇಲೆ 10 ನಿಮಿಷಕ್ಕೇ ಬಂದುಬಿಡುತ್ತೆ. 20 ನಿಮಿಷದ ಮಳೆಯ ಸರಾಸರಿ ಬಿರುಸಿಗಿಂತ 10 ನಿಮಿಷದ ಬಿರುಸು ಯಾವಾಗಲೂ ಜಾಸ್ತಿ. ಗಂಟೆಗೆ 110 ಮಿ.ಮೀ. ಅಂತ ಹಿಡಿದರೆ ಸುಮಾರು 1190 ಲೀಟರ್. ಬಡಾವಣೆ ಅಷ್ಟೇ, ಪೈಪ್ ಅಷ್ಟೇ, ನೀರು ಮೂರು ಪಟ್ಟು. ಈ ಬಿರುಸಿನ ಸಂಖ್ಯೆಗಳು ನಾನು ಉದಾಹರಣೆಗೆ ತೆಗೆದುಕೊಂಡವು, ನಿಮ್ಮ ಎಂಜಿನಿಯರ್ ನಿಮ್ಮ ಕಡೆಯ ಮಳೆ ದಾಖಲೆಯಿಂದ ತೆಗೆಯಬೇಕು. ಮತ್ತೆ, ಕಾಂಪೌಂಡಿನ ಆಚೆ ಎತ್ತರದ ಜಾಗದಿಂದ ನಿಮ್ಮೊಳಗೆ ಹರಿದು ಬರುವ ನೀರನ್ನೂ ಸೇರಿಸಲೇಬೇಕು. ನೀರಿಗೆ ನಿಮ್ಮ ಲೇಔಟಿನ ನಕ್ಷೆ ಗೊತ್ತಿರಲ್ಲ.

ನೋಡಿ, ಹಳ್ಳ ತುಂಬಿದ ದಿನ 900 ಪೈಪ್ ಕೊಡೋದು 740 ಲೀಟರ್, ಬರುವ ನೀರು 1190. ಇಷ್ಟೆಲ್ಲ ಅಗೆದು ಖರ್ಚು ಮಾಡಿದ ಮೇಲೂ ಕೊನೆ ರಸ್ತೆ ಮುಳುಗುತ್ತೆ. ಅದಕ್ಕೇ ನನ್ನ ಸಲಹೆ, ನೀರನ್ನು ಬೇಗ ಕಳಿಸೋದಕ್ಕಿಂತ ಮೇಲೇ ಹಿಡಿದು ನಿಧಾನ ಬಿಡೋದರ ಮೇಲೆ ದುಡ್ಡು ಹಾಕಿ.

ನಿಮ್ಮಲ್ಲಿ ಪಾರ್ಕ್ ಇದೆಯಾ? ಆಟದ ಮೈದಾನ? ತಗ್ಗಿನ ರಸ್ತೆಗಿಂತ ಮೇಲ್ಗಡೆ ಇದ್ದರೆ ಅದೇ ನಿಮ್ಮ ಆಸ್ತಿ. ಮೇಲಿನ ಉದಾಹರಣೆಯ ಮಳೆಯಲ್ಲಿ 1190 ಲೀಟರನ್ನು ಹಳೆಯ 400ಕ್ಕೆ ಇಳಿಸಬೇಕು ಅಂದರೆ ಸರಿಸುಮಾರು 500 ಕ್ಯೂಬಿಕ್ ಮೀಟರ್ ನೀರನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಂಡರೆ ಆಯ್ತು. ಉದ್ದನೆ ಮಳೆಗಳಿಗೆ ಇನ್ನೂ ಜಾಸ್ತಿ ಬೇಕಾಗಬಹುದು, ಅದಕ್ಕೆ ಬೇರೆ ಬೇರೆ ಅವಧಿಯ ಮಳೆ ಹಾಕಿ ನೋಡಬೇಕು. 1500 ಚದರ ಮೀಟರಿನ ಮೈದಾನವನ್ನು 40 ಸೆಂ.ಮೀ. ಇಳಿಸಿದರೆ 600 ಕ್ಯೂಬಿಕ್ ಮೀಟರ್ ಜಾಗ ಸಿಗುತ್ತೆ. ಮಾಮೂಲಿ ದಿನ ಅಲ್ಲಿ ಮಕ್ಕಳು ಆಡ್ತಾರೆ, ಜೋರು ಮಳೆ ಬಂದ ದಿನ ಕೆಲವು ಗಂಟೆ ನೀರು ನಿಲ್ಲುತ್ತೆ. ಅಂಚು ಮೆಲ್ಲಗೆ ಇಳಿಯುವಂತಿರಲಿ, 4 ಅಡಿಗೆ 1 ಅಡಿ ಸಾಕು, ಗೋಡೆ ಕಟ್ಟಬೇಡಿ. ತಳ ಹೊರದಾರಿಯ ಕಡೆ ಇಳಿಜಾರಿರಲಿ, ಒಂದು ದಿನದೊಳಗೆ ಪೂರ್ತಿ ಬರಿದಾಗಬೇಕು, ಇಲ್ಲದಿದ್ದರೆ ಸೊಳ್ಳೆ. ಹೊರಗೆ ಬಿಡುವ ತೂತು ಸಣ್ಣದಿರುತ್ತೆ, ಅದಕ್ಕೆ ಮುಂದೆ ಕಸ ತಡೆಯುವ ಕಂಬಿ ಬೇಕು. ಅದು ಕಟ್ಟಿಕೊಂಡರೆ ತುಂಬಿದ ನೀರು ಮನೆಗಳ ಕಡೆ ನುಗ್ಗದೆ ಸುರಕ್ಷಿತವಾಗಿ ಹರಿದುಹೋಗಲು ಒಂದು ಕಡೆ ದಂಡೆಯನ್ನು ತಗ್ಗಿಸಿ ಕಲ್ಲು ಹಾಸಿಡಿ. ಇಷ್ಟಾದರೆ ಕೊನೆಯ 180 ಮೀಟರಿಗೆ 900 ಬೇಡ. 600ಕ್ಕೆ 1 ಇಳಿಜಾರಿನಲ್ಲೂ 750 ಪೈಪ್ ಸುಮಾರು 450 ಲೀಟರ್ ಸಾಗಿಸುತ್ತೆ. ಪಾರ್ಕಿನ ಕೆಳಗಿನ ಮನೆಗಳ ನೀರು ಹೇಗೂ ನೇರವಾಗಿ ಪೈಪಿಗೆ ಬರುತ್ತೆ, ಹಾಗಾಗಿ ಪಾರ್ಕಿನಿಂದ ಬಿಡುವ ನೀರನ್ನು ಅಷ್ಟರಮಟ್ಟಿಗೆ ಇನ್ನೂ ಕಡಿಮೆ ಮಾಡಿಕೊಳ್ಳಬೇಕು. ಇನ್ನೊಂದು ದೊಡ್ಡ ಲಾಭ, ಹಳ್ಳದ ಕೆಳಗಿನವರಿಗೆ ನೀವು ಮೊದಲಿಗಿಂತ ಜಾಸ್ತಿ ನೀರು ಕಳಿಸಿದ ಹಾಗೆ ಆಗಲ್ಲ. ನಮ್ಮ ಮನೆ ಉಳಿಸಿಕೊಳ್ಳಲು ಕೆಳಗಿನವರ ಮನೆ ಮುಳುಗಿಸೋದು ನ್ಯಾಯ ಅಲ್ಲ, ಅನುಮತಿ ಕೊಡುವವರೂ ಅದನ್ನೇ ಕೇಳುತ್ತಾರೆ.

ಪಾರ್ಕ್ ಇಲ್ಲದಿದ್ದರೆ ಮನೆ ಮನೆಯಲ್ಲಿ ಹಿಡಿಯಬೇಕು. 100 ಚದರ ಮೀಟರ್ ತಾರಸಿ ಮೇಲೆ 20 ಮಿ.ಮೀ. ಮಳೆ ಬಿದ್ದರೆ 2000 ಲೀಟರ್. ತಾರಸಿ ಪೈಪನ್ನು ನೇರ ರಸ್ತೆಗೆ ಬಿಡದೆ ತೊಟ್ಟಿಗೋ, ಗಿಡದ ಪಾತಿಗೋ, ಇಂಗುಗುಂಡಿಗೋ ತಿರುಗಿಸಿದರೆ ಒಟ್ಟು ಲೆಕ್ಕದಲ್ಲಿ ಒಳ್ಳೆ ವ್ಯತ್ಯಾಸ ಕಾಣುತ್ತೆ. ಆದರೆ ಇಂಗುಗುಂಡಿ ಎಲ್ಲಾ ಕಡೆ ನಡೆಯಲ್ಲ. ಮೊದಲು ಒಂದು ಗುಂಡಿ ತೋಡಿ ನೀರು ತುಂಬಿಸಿ, ಎಷ್ಟು ಹೊತ್ತಿಗೆ ಇಳಿಯುತ್ತೆ ನೋಡಿ. ಜೇಡಿಮಣ್ಣಿದ್ದರೆ, ಅಂತರ್ಜಲ ಮೇಲೇ ಇದ್ದರೆ, ಮಳೆಗಾಲದ ನಡುವೆ ಆ ಗುಂಡಿ ತುಂಬಿಕೊಂಡೇ ಇರುತ್ತೆ, ಬೇಕಾದಾಗ ಕೆಲಸ ಮಾಡಲ್ಲ. ಮನೆಯ ಪಾಯಕ್ಕೆ ಅಂಟಿಸಿಕೊಂಡು ಮಾತ್ರ ತೋಡಬೇಡಿ, ಕೆಲವು ಮೀಟರ್ ದೂರ ಇರಲಿ.

ಈಗ ಯಾರೂ ಕೇಳದ, ಆದರೆ ನನಗೆ ತುಂಬಾ ಮುಖ್ಯ ಅನ್ನಿಸುವ ವಿಷಯ. ಪೈಪ್ ತುಂಬಿದ ಮೇಲೆ ನೀರು ಎಲ್ಲಿಗೆ ಹೋಗಬೇಕು? ಪೈಪನ್ನು ಹತ್ತು ವರ್ಷಕ್ಕೊಮ್ಮೆ ಬರುವ ಮಳೆಗೆ ಡಿಸೈನ್ ಮಾಡಿದ್ದಾರೆ ಅಂದರೆ ಹತ್ತು ವರ್ಷ ನಿಶ್ಚಿಂತೆ ಅಂತ ಅಲ್ಲ. ಪ್ರತಿ ವರ್ಷವೂ ಅದನ್ನು ಮೀರುವ ಮಳೆ ಬರುವ ಸಾಧ್ಯತೆ ಶೇ. 10. ಹತ್ತು ವರ್ಷದಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ಶೇ. 65. ಅಂದರೆ ಪೈಪ್ ಸೋಲುವ ದಿನ ಬಂದೇ ಬರುತ್ತೆ, ಅವತ್ತು ರಸ್ತೆಯೇ ಚರಂಡಿ. ಆ ರಸ್ತೆ ನೀರನ್ನು ಹಳ್ಳದವರೆಗೆ ಕರೆದುಕೊಂಡು ಹೋಗುತ್ತಾ, ಇಲ್ಲಾ ಯಾರದೋ ಗೇಟಿನ ಮುಂದೆ ಬಿಡುತ್ತಾ? ನೀವು ಹೇಳಿದ್ದು ನೋಡಿದರೆ, ಕೊನೆ ರಸ್ತೆಯ ತುದಿಯಲ್ಲಿ ಕಾಂಪೌಂಡ್ ಗೋಡೆ ಇದ್ದು, ಗೋಡೆಯ ಆಚೆ ಹಳ್ಳ ಇರಬಹುದು ಅನ್ನೋದು ನನ್ನ ಊಹೆ. ಇದ್ದರೆ ಆ ಗೋಡೆಯೇ ನಿಮ್ಮ ಅಣೆಕಟ್ಟು. ರಸ್ತೆ ಮಟ್ಟದಲ್ಲಿ ಅಗಲವಾದ ಕಂಡಿ ಬಿಡಿಸಿ ಕಂಬಿ ಹಾಕಿ, ಆಚೆ ಕಲ್ಲು ಹಾಸಿದ ಇಳಿಜಾರು ಮಾಡಿ. ಆದರೆ ಮೊದಲು ಹಳ್ಳದ ನೆರೆ ಮಟ್ಟ ನೋಡಿ, ಅದು ರಸ್ತೆಗಿಂತ ಮೇಲೆ ಬರುತ್ತೆ ಅಂದರೆ ಆ ಗೋಡೆ ನಿಮ್ಮನ್ನು ಕಾಪಾಡುತ್ತಾ ಇದೆ, ಮುಟ್ಟಬೇಡಿ. ರಸ್ತೆಯಲ್ಲಿ ಹರಿಯುವ ನೀರು 15 ಸೆಂ.ಮೀ. ಇದ್ದು ರಭಸ ಇದ್ದರೆ ಮನುಷ್ಯರನ್ನು ಬೀಳಿಸುತ್ತೆ, 30 ಸೆಂ.ಮೀ. ಆದರೆ ಸಣ್ಣ ಕಾರನ್ನು ತೇಲಿಸುತ್ತೆ. ಆ ಮಿತಿ ಮನಸ್ಸಿನಲ್ಲಿಟ್ಟುಕೊಂಡೇ ರಸ್ತೆಯ ಲೆವೆಲ್ ತೀರ್ಮಾನಿಸಬೇಕು. ಮುಂದಿನ ಸಲ ಡಾಂಬರು ಹಾಕುವಾಗ ಹಳೆ ಪದರ ಕೆರೆದು ತೆಗೆಯೋದನ್ನು ಕರಾರಿನಲ್ಲೇ ಬರೆಸಿ. ಅಡ್ಡಾದಿಡ್ಡಿ ಹಾಕಿದ ಹಂಪುಗಳೂ ನೀರಿನ ದಾರಿ ತಿರುಗಿಸುತ್ತವೆ.

ಇನ್ನೊಂದು ಪರೀಕ್ಷೆ ಮಾಡಿಸಿ. ಮಳೆ ಬಂದಾಗ ಕೆಳಗಿನ ಮನೆಗಳ ಬಚ್ಚಲಿನಲ್ಲೋ ಟಾಯ್ಲೆಟ್ಟಿನಲ್ಲೋ ಕೊಳಚೆ ಉಕ್ಕುತ್ತಾ? ಉಕ್ಕುತ್ತೆ ಅಂದರೆ ಮೇಲಿನ ಕೆಲವರು ತಾರಸಿ ನೀರನ್ನು ಒಳಚರಂಡಿಗೆ ಜೋಡಿಸಿರಬಹುದು. ತಾರಸಿ ಪೈಪಿಗೆ ಬಣ್ಣದ ನೀರು ಬಿಟ್ಟು ಒಳಚರಂಡಿ ಚೇಂಬರಿನಲ್ಲಿ ಬರುತ್ತಾ ನೋಡಿದರೆ ಯಾವ ಮನೆ ಅಂತ ಗೊತ್ತಾಗುತ್ತೆ. ಎರಡನ್ನೂ ಬೇರೆ ಮಾಡಲೇಬೇಕು, ಇದರಲ್ಲಿ ರಾಜಿ ಇಲ್ಲ.

ಕೊಟೇಶನ್ ತೆಗೆದುಕೊಳ್ಳುವಾಗ ಬರೀ ಪೈಪಿನ ಉದ್ದ, ಸೈಜು ಇದ್ದರೆ ವಾಪಸ್ ಕೊಡಿ. ಉದ್ದಕ್ಕೂ ಪೈಪಿನ ತಳದ ಲೆವೆಲ್, ರಸ್ತೆಯ ಲೆವೆಲ್, ಹಳ್ಳ ತುಂಬಿದಾಗ ಪೈಪಿನೊಳಗೆ ನೀರಿನ ಮಟ್ಟ ಎಲ್ಲಿರುತ್ತೆ ಅನ್ನುವ ಗೆರೆ, ಈ ಮೂರೂ ಒಂದೇ ಹಾಳೆಯಲ್ಲಿ ಇರುವ ಚಿತ್ರ ಕೇಳಿ. ಆ ನೀರಿನ ಗೆರೆ ಯಾವ ಚೇಂಬರಿನಲ್ಲೂ ಮುಚ್ಚಳಕ್ಕಿಂತ ಮೇಲೆ ಹೋಗಬಾರದು. ನೀವೇ ನೋಡಿ ಅರ್ಥ ಮಾಡಿಕೊಳ್ಳಬಹುದು, ಕಷ್ಟ ಏನಿಲ್ಲ. ಸಣ್ಣ ಪೈಪ್ ದೊಡ್ಡದಕ್ಕೆ ಸೇರುವ ಕಡೆ ಎರಡರ ಮೇಲ್ಭಾಗ ಒಂದೇ ಮಟ್ಟದಲ್ಲಿರಬೇಕು. ಕೆಳಗೆ ಹೋಗ್ತಾ ಹೋಗ್ತಾ ಪೈಪ್ ಎಲ್ಲೂ ಸಣ್ಣದಾಗಬಾರದು, ಇಳಿಜಾರು ಜಾಸ್ತಿ ಇದ್ದರೂ ಸರಿ. ಚೇಂಬರಿನ ತಳ ಪೈಪಿಗಿಂತ 30 ಸೆಂ.ಮೀ. ಆಳ ಇದ್ದರೆ ಮರಳು ಅಲ್ಲೇ ಕೂರುತ್ತೆ, ಮಳೆಗಾಲದ ಮುಂಚೆ ತೆಗೆಸಬಹುದು. ಅದನ್ನು ತೆಗೆಸೋದು ಯಾರ ಜವಾಬ್ದಾರಿ ಅಂತ ಸಂಘದಲ್ಲಿ ಈಗಲೇ ಹೆಸರು ಬರೆದುಕೊಳ್ಳಿ. ಹಳ್ಳಕ್ಕೆ ಬೀಳುವ ಕಡೆ ದೊಡ್ಡ ಕಲ್ಲು ಹಾಸದಿದ್ದರೆ ದಡ ಕೊರೆದು ಪೈಪಿನ ತುದಿಯೇ ಕುಸಿಯುತ್ತೆ.

ಇರೋ ದುಡ್ಡಿಗೆ ನಾನು ಹಾಕುವ ಕ್ರಮ: ಮೊದಲು ಲೆವೆಲ್ ಸರ್ವೆ, ಪೈಪಿನೊಳಗೆ ಕ್ಯಾಮೆರಾ ಬಿಟ್ಟು ನೋಡೋದು, ಹೂಳು ತೆಗೆಯೋದು. ಎಷ್ಟೋ ಕಡೆ 600 ಪೈಪಿನಲ್ಲಿ ಅರ್ಧ ಮಣ್ಣೇ ಇರುತ್ತೆ, ಅಂಥದ್ದು ಸಾಗಿಸೋದು ಅರ್ಧಕ್ಕಿಂತಲೂ ಕಡಿಮೆ ನೀರನ್ನು. ಆಮೇಲೆ ಜಾಲರಿಗಳು. ಆಮೇಲೆ ಹಳ್ಳದ ಕಡೆಯ ಬಾಯಿ, ನೀರು ಉಕ್ಕಿದಾಗ ಹೋಗುವ ದಾರಿ. ಆಮೇಲೆ ಪಾರ್ಕ್. ಪೈಪ್ ಬದಲಾಯಿಸೋದು ಕೊನೆಗೆ, ಅದೂ ಹಳ್ಳದ ಕಡೆಯಿಂದ ಮೇಲಕ್ಕೆ.

ತೆರೆದ ಚರಂಡಿಯ ಪ್ರಶ್ನೆಗೆ ಬಂದರೆ, ಜಾಗ ಇದ್ದರೆ ನನ್ನ ಒಲವು ಅದರ ಕಡೆಗೇ. ಕಸ ಕಟ್ಟಿಕೊಂಡರೆ ಕಣ್ಣಿಗೆ ಕಾಣುತ್ತೆ, ಸಲಿಕೆಯಲ್ಲೇ ತೆಗೆಯಬಹುದು, ತುಂಬಿದ ಮೇಲೂ ಪಕ್ಕದ ರಸ್ತೆ ಜೊತೆ ಸೇರಿ ಹರಿಯುತ್ತೆ. ಹುಲ್ಲು ಬೆಳೆಸಿದ ಅಗಲವಾದ ಕಾಲುವೆಯಾದರೆ ನೀರನ್ನು ನಿಧಾನ ಮಾಡಿ ಸ್ವಲ್ಪ ಇಂಗಿಸುತ್ತೆ ಕೂಡ. ಕಷ್ಟ ಬರೋದು ಪ್ರತಿ ಮನೆ ಗೇಟಿನ ಮುಂದೆ. ಎಲ್ಲರೂ ಕಾರು ಇಳಿಸಲು ಚಪ್ಪಡಿ ಹಾಕುತ್ತಾರೆ, ಕೆಳಗೆ ಸಣ್ಣ ಪೈಪ್ ತೂರಿಸುತ್ತಾರೆ, ಇಡೀ ಚರಂಡಿಯ ತಾಕತ್ತು ಆ ಸಣ್ಣ ಪೈಪಿನಷ್ಟಕ್ಕೆ ಇಳಿಯುತ್ತೆ. ಗೇಟಿನ ಮುಂದೆ ಚರಂಡಿಯ ಪೂರ್ತಿ ಅಗಲಕ್ಕೆ ಎತ್ತಿ ತೆಗೆಯಬಹುದಾದ ಚಪ್ಪಡಿಯೇ ಹಾಕಬೇಕು ಅಂತ ಎಲ್ಲರನ್ನೂ ಒಪ್ಪಿಸಲು ಆಗುತ್ತೆ ಅಂದರೆ ಮೇಲಿನ ರಸ್ತೆಗಳಲ್ಲಿ ತೆರೆದ ಚರಂಡಿಯನ್ನೇ ಮಾಡಿ. ಮಕ್ಕಳು ಓಡಾಡುವ ಕಡೆ ಆಳ ಜಾಸ್ತಿ ಇಡದೆ ಅಗಲ ಜಾಸ್ತಿ ಇಡಿ. ಕೊನೆಯ 180 ಮೀಟರಿನಲ್ಲಿ ಹಳ್ಳದ ನೀರು ಹಿಂದಕ್ಕೆ ಒತ್ತುವ ಸಾಧ್ಯತೆ ಇದ್ದರೆ ಅಲ್ಲಿ ಮಾತ್ರ ಮುಚ್ಚಿದ ಪೈಪ್, ಬಾಯಿಗೆ ಒಂದು ಕಡೆ ತೆರೆಯುವ ಬಾಗಿಲು.